ಗಾಳಿ ಜಾಸ್ತಿ, ಆದರೂ ಹೊಗೆ: ಬಳ್ಳಾರಿಯ ಒಂದು ಕಟ್ಟಿಗೆ ಬಾಯ್ಲರಿನ ಪ್ರಕರಣ

ಬಳ್ಳಾರಿ ಊರ ಹೊರಗಿನ ಒಂದು ಜೀನ್ಸ್ ವಾಷಿಂಗ್ ಘಟಕ. ಹೆಸರು ಬೇಡ, ಇಂಥವು ಇಲ್ಲಿ ಎಷ್ಟೋ ಇವೆ. ಊರಿನ ಸಣ್ಣಪುಟ್ಟ ಶೆಡ್ಡುಗಳಲ್ಲಿ ಹೊಲಿದ ಪ್ಯಾಂಟುಗಳು ಇಲ್ಲಿಗೆ ಬರುತ್ತವೆ. ಬಿಸಿನೀರಿನ ಡ್ರಮ್ಮಿನಲ್ಲಿ ಉರುಳಿ, ಬಣ್ಣ ಇಳಿಸಿಕೊಂಡು, ಡ್ರೈಯರ್‌ನಲ್ಲಿ ಒಣಗಿ ವಾಪಸ್ ಹೋಗುತ್ತವೆ. ನೀರು ಕಾಯಿಸಲಿಕ್ಕೂ ಬಟ್ಟೆ ಒಣಗಿಸಲಿಕ್ಕೂ ಸ್ಟೀಮ್ ಬೇಕು. ಸ್ಟೀಮ್‌ಗೆ ಕಟ್ಟಿಗೆ ಬಾಯ್ಲರ್. ಕಟ್ಟಿಗೆ ಅಂದರೆ ಬಹುಪಾಲು ಬಳ್ಳಾರಿ ಜಾಲಿ. ಕೆರೆಯಂಗಳ, ಹೊಲದ ಬದು, ರಸ್ತೆ ಪಕ್ಕ ಎಲ್ಲೆಂದರಲ್ಲಿ ಬೆಳೆದು ರೈತರಿಂದ ಬೈಸಿಕೊಳ್ಳುವ ಈ ಗಿಡ ಬಾಯ್ಲರ್ ಮಂದಿಗೆ ಮಾತ್ರ ಬಲು ಇಷ್ಟ. ತೂಕದ ಕಟ್ಟಿಗೆ, ಕೆಂಡ ಗಟ್ಟಿಯಾಗಿ ನಿಲ್ಲುತ್ತದೆ.

ಮಾಲೀಕರ ದೂರು ಮೂರು ಇದ್ದವು. ಕಟ್ಟಿಗೆ ಲೋಡು ಮೊದಲಿನಷ್ಟು ದಿನ ಬರುತ್ತಿಲ್ಲ. ಮಧ್ಯಾಹ್ನ ಎಲ್ಲ ಡ್ರೈಯರ್ ಹಾಕಿದರೆ ಸ್ಟೀಮ್ ಪ್ರೆಶರ್ (ಚದರ ಸೆಂಟಿಮೀಟರಿಗೆ) 7 ಕೆಜಿಯಿಂದ 4ಕ್ಕೆ ಬೀಳುತ್ತದೆ. ಚಿಮಣಿಯಿಂದ ಕಪ್ಪು ಹೊಗೆ ಬಂದು ಅಕ್ಕಪಕ್ಕದವರು ಜಗಳಕ್ಕೆ ಬರುತ್ತಿದ್ದಾರೆ. ಬಾಯ್ಲರ್ ಮಾರುವವರೊಬ್ಬರು ಬಂದು ನೋಡಿ, "ನಿಮ್ಮ ಕೆಲಸಕ್ಕೆ ಇದು ಸಣ್ಣದಾಯ್ತು, 1 ಟನ್ನಿಂದು ಹಾಕಿಸಿಬಿಡಿ" ಅಂದು ಕೊಟೇಶನ್ನನ್ನೂ ಕೊಟ್ಟು ಹೋಗಿದ್ದರು. ನಾಲ್ಕನೆಯ ದೂರು ಮಾಲೀಕರ ಬಾಯಲ್ಲಿ ಬರಲಿಲ್ಲ. ಅದನ್ನು ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಹೇಳಿದರು: ಸಂಜೆ ಹೊತ್ತಿಗೆ ತಲೆ ಸಿಡಿಯುತ್ತದೆ, ವಾಂತಿ ಬಂದಂತಾಗುತ್ತದೆ. ನನ್ನ ಮಟ್ಟಿಗೆ ಇದೇ ಮೊದಲನೆಯ ದೂರು.

ಬಾಯ್ಲರ್ ಗಂಟೆಗೆ 600 ಕೆಜಿ ಸ್ಟೀಮ್ ಕೊಡುವ ಅಳತೆಯದು; 1 ಟನ್ನಿಂದು ಅಂದರೆ ಗಂಟೆಗೆ 1 ಟನ್ ಸ್ಟೀಮ್ ಕೊಡುವಂಥದ್ದು. ಮುಂದೆ ಇಟ್ಟಿಗೆಯ ಗೂಡು, ಗೂಡಿನೊಳಗೆ ಎರಕದ ಕಂಬಿಗಳ ಗ್ರೇಟ್, ಕೆಳಗೆ ಬೂದಿಗುಂಡಿ. ಗೂಡಿನ ಬಿಸಿ ಹೊಗೆ ಟ್ಯೂಬುಗಳೊಳಗೆ ಹಾದು, ಸುತ್ತಲಿನ ನೀರು ಕಾಯಿಸಿ, ಧೂಳು ಹಿಡಿಯುವ ಸೈಕ್ಲೋನಿಗೆ ಹೋಗುತ್ತದೆ. ಅಲ್ಲಿಂದ ಐಡಿ (ಇಂಡ್ಯೂಸ್ಡ್ ಡ್ರಾಫ್ಟ್) ಫ್ಯಾನ್ ಅದನ್ನು ಎಳೆದು 15 ಮೀಟರ್ ಚಿಮಣಿಗೆ ದೂಡುತ್ತದೆ. ಇಷ್ಟು ಕಂಪನಿಯಿಂದ ಬಂದದ್ದು. ಸ್ಟೀಮ್ ಸಾಲುತ್ತಿಲ್ಲ ಅಂತ ಮಧ್ಯೆ ಯಾರೋ ಗ್ರೇಟಿನ ಕೆಳಗೆ ಒಂದು ಬ್ಲೋವರ್ ಕೂರಿಸಿದ್ದರು. ಅದು ಬೆಳಿಗ್ಗೆಯಿಂದ ಸಂಜೆವರೆಗೆ ಫುಲ್ ಓಡುತ್ತಿತ್ತು. ಬಾಯ್ಲರ್ ನಿಂತಿರುವುದು ಡ್ರೈಯರ್‌ಗಳಿರುವ ಅದೇ ಶೆಡ್ಡಿನಲ್ಲಿ, ನಡುವೆ ಎದೆಮಟ್ಟದ ಗೋಡೆ ಮಾತ್ರ.

ನಾನು ಹೋಗುವ ಮೊದಲೇ ಮಾಲೀಕರು ಒಂದು ಪ್ರಯೋಗ ಮಾಡಿದ್ದರು. ಯಾರೋ "ಗಾಳಿ ಜಾಸ್ತಿ ಆದ್ರೆ ಕಟ್ಟಿಗೆ ಸುಮ್ನೆ ಉರಿದು ಹೋಗ್ತದೆ" ಅಂದದ್ದಕ್ಕೆ ಬ್ಲೋವರ್ ಬಾಯಿಗೆ ಅರ್ಧ ತಗಡು ಮುಚ್ಚಿದರು. ಹೊಗೆ ಇಮ್ಮಡಿಯಾಯಿತು, ಪ್ರೆಶರ್ ಇನ್ನೂ ಬಿತ್ತು. ತಗಡು ತೆಗೆದರು. ಹೊಗೆ ಮೊದಲಿನಷ್ಟೇ ಆಯಿತು, ಕಟ್ಟಿಗೆಯೂ ಮೊದಲಿನಷ್ಟೇ. ಅಲ್ಲಿಗೆ "ಬಾಯ್ಲರೇ ಸರಿಯಿಲ್ಲ" ಅನ್ನುವ ತೀರ್ಮಾನಕ್ಕೆ ಬಂದಿದ್ದರು. ಎಷ್ಟು ಗಾಳಿ ಅಂತ ಅವರು ಕೇಳಿಕೊಂಡರು. ಕೇಳಬೇಕಿದ್ದದ್ದು ಯಾವ ಜಾಗಕ್ಕೆ, ಯಾವ ಹೊತ್ತಿಗೆ ಅಂತ.

ಎರಡು ಕಡೆ ಅಳೆದಾಗ

ಅಳತೆಗೆ ದೊಡ್ಡ ಸಾಮಾನೇನೂ ಬೇಕಿಲ್ಲ. ಹೊಗೆಯಲ್ಲಿ ಯಾವ ಅನಿಲ ಎಷ್ಟಿದೆ ಅಂತ ಹೇಳುವ, ಬಾಡಿಗೆಗೆ ಸಿಗುವ ಫ್ಲೂ ಗ್ಯಾಸ್ ಅನಲೈಸರ್ ಒಂದು, ಹೊಗೆಯ ಶಾಖ ನೋಡುವ ಥರ್ಮೋಕಪಲ್ ಒಂದು, ಗಾರೆ ಕೆಲಸದವರ ಲೆವೆಲ್ ಪೈಪು ಒಂದು ತುಂಡು. ಪೈಪಿನ ಒಂದು ಭಾಗವನ್ನು ಹಲಗೆಯ ಮೇಲೆ ಓರೆಯಾಗಿ, ಹತ್ತಕ್ಕೆ ಒಂದರಂತೆ ಏರುವ ಹಾಗೆ ಕಟ್ಟಿದರೆ, 1 ಮಿಲಿಮೀಟರ್ ನೀರಿನ ಒತ್ತಡ 10 ಮಿಲಿಮೀಟರ್ ಸರಿದಂತೆ ಕಾಣುತ್ತದೆ. ಬರಿ ನೀರು ಕಣ್ಣಿಗೆ ಬೀಳುವುದಿಲ್ಲ, ಬಣ್ಣ ಬೇಕು. ಜೀನ್ಸ್ ತೊಳೆಯುವ ಜಾಗದಲ್ಲಿ ನೀಲಿ ನೀರಿಗೆ ಬರವೇ? ಡ್ರಮ್ಮಿನಿಂದ ಒಂದು ಲೋಟ ತಂದು ಹುಯ್ದೆವು. ಪೈಪಿನ ಒಂದು ಬಾಯಿ ಗೂಡಿನೊಳಕ್ಕೆ, ಇನ್ನೊಂದು ಹೊರಗೆ.

ಗೂಡಿನೊಳಗೆ ಯಾವಾಗಲೂ ಹೊರಗಿಗಿಂತ ಸ್ವಲ್ಪ ಕಡಿಮೆ ಒತ್ತಡ ಇರಬೇಕು. 1ರಿಂದ 2 ಮಿಮೀ ಎಳೆತ ಇದ್ದರೆ ಹೊಗೆ ಹೊರಕ್ಕೆ ನುಗ್ಗುವುದಿಲ್ಲ. ಇಲ್ಲಿ ನೀಲಿ ನೀರು ಉಲ್ಟಾ ಸರಿಯಿತು. ಗೂಡು ಎಳೆಯುವ ಬದಲು ಹೊರಕ್ಕೆ ದೂಡುತ್ತಿತ್ತು. ಬೆಂಕಿ ಬಾಗಿಲಿನ ಸಂದಿಯಿಂದ ಹೊಗೆ ಬುಸ್ ಬುಸ್ ಅಂತ ಶೆಡ್ಡಿಗೆ ಬರುವುದು ಕಣ್ಣಿಗೇ ಕಾಣುತ್ತಿತ್ತು. ಫೈರ್‌ಮನ್ ನಿಲ್ಲುವ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಮೀಟರ್ ಹಿಡಿದರೆ 80 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 80 ಪಾಲು) ಮೇಲೆ. ಬಾಗಿಲು ತೆಗೆದಾಗ 200 ದಾಟುತ್ತಿತ್ತು. ಎಂಟು ಗಂಟೆಯ ಕೆಲಸಕ್ಕೆ ಸಾಮಾನ್ಯವಾಗಿ ಹಿಡಿಯುವ ಮೇಲ್ಮಿತಿ 50. ವಾಸನೆ ಇಲ್ಲದ ವಿಷ ಇದು. ತಲೆನೋವಿಗೆ ಮಾತ್ರೆ ನುಂಗಿ ಅದೇ ಜಾಗಕ್ಕೆ ವಾಪಸ್ ಬಂದು ನಿಲ್ಲುತ್ತಿದ್ದರು.

ಇನ್ನು ಹೊಗೆಯ ಲೆಕ್ಕ. ಚಿಮಣಿಯ ಬುಡದಲ್ಲಿ ಆಮ್ಲಜನಕ ನೂರಕ್ಕೆ 16, ಶಾಖ ಸುಮಾರು 220 ಡಿಗ್ರಿ. ಕೊಟೇಶನ್ ಕೊಟ್ಟವರು ಇದೇ 220 ನೋಡಿ "ಶಾಖವೇನೂ ಪೋಲಾಗ್ತಿಲ್ಲ, ಬಾಯ್ಲರ್ ಸಣ್ಣದು ಅಷ್ಟೇ" ಅಂದಿದ್ದರಂತೆ. ಅಳೆಯುವ ಅದೇ ಸಲಾಕೆಯನ್ನು ಸೈಕ್ಲೋನಿಗಿಂತ ಮುಂಚೆ, ಬಾಯ್ಲರ್‌ನಿಂದ ಹೊಗೆ ಹೊರಬೀಳುವ ಜಾಗಕ್ಕೆ ಹಾಕಿದೆವು. ಆಮ್ಲಜನಕ 13, ಶಾಖ 330.

ಎರಡು ಜಾಗಕ್ಕೆ ನಡುವೆ ಹತ್ತು ಅಡಿ ದೂರ. ಅಷ್ಟರೊಳಗೆ ಹೊಗೆ 110 ಡಿಗ್ರಿ ತಣ್ಣಗಾಗಿ, ಆಮ್ಲಜನಕ 3 ಅಂಶ ಏರಬೇಕಾದರೆ ಒಂದೇ ಕಾರಣ: ನಡುವೆ ಎಲ್ಲೋ ಹೊರಗಾಳಿ ನುಗ್ಗುತ್ತಿದೆ. ಹುಡುಕಲಿಕ್ಕೆ ಊದಿನಕಡ್ಡಿ ಸಾಕು. ಸೈಕ್ಲೋನಿನ ಕೆಳಗೆ ಬೂದಿ ತೆಗೆಯುವ ಬಾಯಿಗೆ ಮುಚ್ಚಳವೇ ಇರಲಿಲ್ಲ. ಬಕೆಟ್ ಇಟ್ಟು ಹಾಗೇ ಬಿಟ್ಟಿದ್ದರು. ಕಡ್ಡಿ ಹತ್ತಿರ ಹಿಡಿದರೆ ಹೊಗೆಯ ಎಳೆ ಗೆರೆ ಹೊಡೆದ ಹಾಗೆ ಒಳಕ್ಕೆ ಹೋಯಿತು. ಟ್ಯೂಬುಗಳಿಂದ ಬಂದ ಹೊಗೆ ಸೇರುವ ಹೊಗೆಪೆಟ್ಟಿಗೆಯ ಬಾಗಿಲಿಗೆ ಸಂದಿ ಮುಚ್ಚಲು ಸುತ್ತಿದ ಹಗ್ಗ ಸುಟ್ಟು ಪುಡಿಯಾಗಿ, ಅಲ್ಲೂ ಬೆರಳು ತೂರುವಷ್ಟು ಸಂದಿ.

ಈಗ ಚಿತ್ರ ಪೂರ್ತಿ ಕಂಡಿತು. ಐಡಿ ಫ್ಯಾನಿಗೆ ಹತ್ತಿರದಲ್ಲೇ ಸುಲಭದ ದಾರಿ ಸಿಕ್ಕಿದೆ, ಅದು ಸೈಕ್ಲೋನಿನ ತೂತಿನಿಂದ ಶೆಡ್ಡಿನ ಗಾಳಿ ಎಳೆದು ಚಿಮಣಿಗೆ ಕಳಿಸುತ್ತಾ ಕೂತಿದೆ. ಗೂಡಿನ ತನಕ ಅದರ ಎಳೆತ ಮುಟ್ಟುತ್ತಿಲ್ಲ. ಎಳೆತ ಇಲ್ಲದ್ದಕ್ಕೆ ಬೆಂಕಿ ಮಂಕಾಯಿತು. ಮಂಕಾದದ್ದಕ್ಕೆ ಬ್ಲೋವರ್ ಬಂತು. ಬ್ಲೋವರ್ ದೂಡಿದ ಗಾಳಿಯನ್ನು ಎಳೆದುಕೊಳ್ಳುವವರಿಲ್ಲದೆ ಹೊಗೆ ಫೈರ್‌ಮನ್ ಮುಖಕ್ಕೆ ಬಂತು. ಆ ಹೊಗೆ ತೆಗೆಯಲು ಶೆಡ್ಡಿಗೆ ಇನ್ನೊಂದು ಎಕ್ಸಾಸ್ಟ್ ಫ್ಯಾನ್ ಬಂತು. ಆ ಫ್ಯಾನು ಏನು ಮಾಡಿತು ಅಂತ ಮುಂದೆ ಹೇಳುತ್ತೇನೆ.

13 ಅಂಶ ಆಮ್ಲಜನಕ, ಮತ್ತೆ ಹೊಗೆ ಯಾಕೆ?

ಸೈಕ್ಲೋನಿನ ತೂತು ಬಿಟ್ಟರೂ ಒಂದು ಪ್ರಶ್ನೆ ಉಳಿಯುತ್ತದೆ. ಹೊಗೆ ಹೊರಬೀಳುವ ಬಾಯ್ಲರ್ ಬಾಯಲ್ಲೇ ಆಮ್ಲಜನಕ 13 ಅಂದರೆ ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಹೆಚ್ಚುವರಿ ಗಾಳಿ ಹೋಗುತ್ತಿದೆ ಅಂತ ಅರ್ಥ. ಅಂದಾಜಿನ ಲೆಕ್ಕ ಸುಲಭ: ಹೊಗೆಯಲ್ಲಿರುವ ಆಮ್ಲಜನಕವನ್ನು, ಗಾಳಿಯಲ್ಲಿರುವ 21ರಿಂದ ಅದನ್ನು ಕಳೆದು ಉಳಿದದ್ದರಿಂದ ಭಾಗಿಸಿ. 13 ಭಾಗಿಸು 8. ಕೈಯಲ್ಲಿ ಕಟ್ಟಿಗೆ ಹಾಕುವ ಬಾಯ್ಲರಿಗೆ ಆಮ್ಲಜನಕ 7ರಿಂದ 9ರೊಳಗೆ ಇದ್ದರೆ ಚೆನ್ನ. ಇಷ್ಟು ಗಾಳಿ ಇದ್ದೂ ಕಾರ್ಬನ್ ಮೊನಾಕ್ಸೈಡ್ ಕಟ್ಟಿಗೆ ಹಾಕಿದ ಮೇಲೆ 8 ಸಾವಿರ ಪಿಪಿಎಂ ಮುಟ್ಟುತ್ತಿತ್ತು. ಗಾಳಿ ಹೆಚ್ಚು, ಉರಿ ಅರ್ಧಂಬರ್ಧ. ಎರಡೂ ಒಟ್ಟಿಗೆ.

ಇದು ತಿಳಿಯಬೇಕಾದರೆ ಕಟ್ಟಿಗೆ ಹೇಗೆ ಉರಿಯುತ್ತದೆ ಅಂತ ನೋಡಬೇಕು. ಒಣಕಟ್ಟಿಗೆಯ ತೂಕದಲ್ಲಿ ನೂರಕ್ಕೆ 75–80 ಪಾಲು ಕಾದಾಗ ಅನಿಲವಾಗಿ ಹೊರಬರುತ್ತದೆ. ಉಳಿದದ್ದು ಇದ್ದಿಲು ಮತ್ತು ಚೂರು ಬೂದಿ. ಗ್ರೇಟಿನ ಮೇಲೆ ನಿಗಿನಿಗಿ ಹೊಳೆಯುವುದು ಇದ್ದಿಲು. ಶಾಖದ ದೊಡ್ಡ ಪಾಲು ಇರುವುದು ಅದರ ಮೇಲೆ ಏಳುವ ಅನಿಲದಲ್ಲಿ. ಕೆಂಡಕ್ಕೆ ಗಾಳಿ ಕೆಳಗಿನಿಂದ ಬೇಕು, ಅನಿಲಕ್ಕೆ ಮೇಲಿನಿಂದ ಬೇಕು. ಮೇಲಿನ ಗಾಳಿ ಬರಿ ಬಂದರೆ ಸಾಲದು, ಅನಿಲದೊಳಗೆ ನುಗ್ಗಿ ಕಲಸಬೇಕು. ಆ ಜಾಗ 800 ಡಿಗ್ರಿಯ ಹತ್ತಿರ ಕಾದಿರಬೇಕು. ಅಲ್ಲಿ ಅನಿಲಕ್ಕೆ ಒಂದಿಷ್ಟು ಹೊತ್ತು ಸಿಗಬೇಕು. ಟ್ಯೂಬಿನೊಳಗೆ ಹೋದ ಮೇಲೆ ಎಷ್ಟು ಗಾಳಿ ಸಿಕ್ಕರೂ ವ್ಯರ್ಥ. ಟ್ಯೂಬಿನ ಆಚೆ ನೀರು 170 ಡಿಗ್ರಿಯಷ್ಟೇ, ಜ್ವಾಲೆ ಅಲ್ಲೇ ನಂದಿ ಮಸಿಯಾಗಿ ಅಂಟುತ್ತದೆ.

ಈ ಗೂಡಿಗೆ ಮೇಲಿನ ಗಾಳಿಯ ತೂತುಗಳನ್ನು ಮೊದಲೇ ಕೊಟ್ಟಿದ್ದರು. ಎರಡು ಪಕ್ಕದ ಗೋಡೆಯಲ್ಲಿ ಆರಾರು, ಒಂದೊಂದೂ ಒಂದೂವರೆ ಇಂಚು. ಹುಡುಕಿದರೆ ಒಂದೂ ಕಾಣಲಿಲ್ಲ. ಗೂಡಿನ ಒಳಗೋಡೆ ರಿಪೇರಿ ಮಾಡಿದ ಮೇಸ್ತ್ರಿ ಬಿರುಕು ಅಂದುಕೊಂಡು ಬೆಂಕಿಮಣ್ಣು ಮೆತ್ತಿ ಚಂದಗೆ ನುಣುಪು ಮಾಡಿಬಿಟ್ಟಿದ್ದ. ಅವನ ತಪ್ಪಲ್ಲ, ಅವು ಯಾಕಿವೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ.

ಕೆಳಗೆ ಗ್ರೇಟಿನ ಹಿಂಭಾಗದಲ್ಲಿ ನಾಲ್ಕೈದು ಕಂಬಿ ಜೋತು ಬಿದ್ದು ಅಂಗೈ ಅಗಲದ ಸಂದಿ ಆಗಿತ್ತು. ಅಲ್ಲಿ ಕೆಂಡ ನಿಲ್ಲುವುದೇ ಇಲ್ಲ, ಬೂದಿಗುಂಡಿಗೆ ಬೀಳುತ್ತದೆ. ಮುಂಭಾಗದಲ್ಲಿ ಕಿಟ್ಟ (ಬೂದಿ ಕರಗಿ ಗಟ್ಟಿಯಾದ ಹೆಂಟೆ) ಕಟ್ಟಿ ಗಾಳಿ ಏರುವುದಿಲ್ಲ. ಹೀಗಾಗಿ ಬ್ಲೋವರ್‌ನ ಗಾಳಿ ಹಿಂದಿನ ಸಂದಿಯಿಂದ ತಣ್ಣಗೆ ಏರಿ, ಯಾವ ಅನಿಲವನ್ನೂ ಮುಟ್ಟದೆ, ಸೀದಾ ಟ್ಯೂಬಿಗೆ ಹೋಗುತ್ತಿತ್ತು. ಮುಂದೆ ಕಟ್ಟಿಗೆ ರಾಶಿಯ ಮೇಲೆ ಅನಿಲ ಗಾಳಿಗೆ ಬಾಯಿ ಬಿಡುತ್ತಿತ್ತು. ಚಿಮಣಿಯಲ್ಲಿ ಎರಡೂ ಸೇರಿ ಮೀಟರಿಗೆ "ಗಾಳಿ ಜಾಸ್ತಿ" ಅಂತ ಕಾಣುತ್ತಿತ್ತು.

ಅದಕ್ಕೆ ಸರಿಯಾಗಿ ಕಟ್ಟಿಗೆ ಹಾಕುವ ರೀತಿ. ಮೂರು–ನಾಲ್ಕು ಅಡಿ ಉದ್ದದ ಸೊಟ್ಟ ಜಾಲಿ ಕೊಂಬೆಗಳನ್ನು ಅರ್ಧ ಗಂಟೆಗೊಮ್ಮೆ 90 ಕೆಜಿಯಷ್ಟು ಒಟ್ಟಿಗೆ ತುರುಕುವುದು. ಬಾಗಿಲು ಮೂರ್ನಾಲ್ಕು ನಿಮಿಷ ತೆರೆದೇ ಇರುತ್ತದೆ. ಮನೆಯ ಒಲೆಗೆ ಹಸಿ ಕಟ್ಟಿಗೆ ತುಂಬಿ ಊದುಗೊಳವೆಯಲ್ಲಿ ಬರಿ ಕೆಂಡಕ್ಕೆ ಊದುತ್ತಾ ಕೂತರೆ ಅಡುಗೆಮನೆ ಏನಾಗುತ್ತದೆ, ಇಲ್ಲೂ ಅದೇ. ಮೊದಲ ಹತ್ತು ನಿಮಿಷ ಅನಿಲ ಒಮ್ಮೆಲೆ ಏಳುತ್ತದೆ, ಗಾಳಿ ಸಾಲದು. ಕೊನೆಯ ಹತ್ತು ನಿಮಿಷ ಬರಿ ಕೆಂಡ, ಗಾಳಿ ವಿಪರೀತ. ಬ್ಲೋವರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದು ಒಂದೇ ಸಮ ಊದುತ್ತದೆ.

ಫೈರ್‌ಮನ್ ಜತೆ ಈ ಮಾತು ಬಂದಾಗ ಅವರು, "ಸರ್, ಗಾಳಿ ಕೊಟ್ರೆ ಬೆಂಕಿ ಏಳ್ತೈತ್ರಿ, ಕೊಡ್ದಿದ್ರೆ ಮಲಗ್ತೈತಿ. ನಾ ಇನ್ನೇನ್ ಮಾಡ್ಲಿ?" ಅಂದರು. ಅವರ ಕೈಗೆ ಇದ್ದದ್ದು ಒಂದು ಬ್ಲೋವರ್ ಸ್ವಿಚ್ಚು, ಒಂದು ಬಾಗಿಲು. ಅಷ್ಟರಲ್ಲಿ ಅವರು ಮಾಡಿದ್ದು ಸರಿಯೇ.

ಶೆಡ್ಡಿನ ಗಾಳಿ

ಈ ಭಾಗವನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಒಳಗಿಟ್ಟ ಬಾಯ್ಲರಿನ ಅರ್ಧ ತಕರಾರು ಇಲ್ಲೇ ಇರುತ್ತದೆ.

ಪೂರ್ತಿ ಒಣಗಿದ ಕಟ್ಟಿಗೆ 1 ಕೆಜಿ ಉರಿಯಲು ಸುಮಾರು 6 ಕೆಜಿ ಗಾಳಿ ಬೇಕು, ಅಂದರೆ 5 ಘನ ಮೀಟರ್. ಹೆಚ್ಚುವರಿ ಸೇರಿಸಿದರೆ 8 ಅನ್ನಿ. ಈ ಬಾಯ್ಲರಿಗೆ ಗಂಟೆಗೆ ಸಾವಿರ ಘನ ಮೀಟರ್ ಸಾಕು. ಡ್ರೈಯರ್ ಹಾಲಿನಲ್ಲಿ, ಹೊಗೆಗೆಂದು ಆಮೇಲೆ ಹಾಕಿದ್ದೂ ಸೇರಿ, ಮೂರು ಎಕ್ಸಾಸ್ಟ್ ಫ್ಯಾನ್ ಇದ್ದವು. 18 ಇಂಚಿನ ಒಂದೊಂದು ಫ್ಯಾನೂ ಗಂಟೆಗೆ 4 ಸಾವಿರ ಘನ ಮೀಟರ್ ಮೇಲೆ ಹೊರಹಾಕುತ್ತದೆ. ಧೂಳು ಬರುತ್ತದೆ ಅಂತ ಕಿಟಕಿಗೆಲ್ಲ ತಗಡು ಹೊಡೆದಿದ್ದರು, ಮುಂದಿನ ಶಟರ್ ಅರ್ಧ ಇಳಿಸಿದ್ದರು. ಹೊರಗೆ ಹೋದ ಗಾಳಿಯ ಬದಲು ಒಳಗೆ ಎಲ್ಲಿಂದ ಬರಬೇಕು? ಬೆಂಕಿ ಬಾಗಿಲಿನ ಸಂದಿಯಿಂದ, ಗೂಡಿನೊಳಗಿಂದ. ಶೆಡ್ಡೇ ಬಾಯ್ಲರನ್ನು ಹಿಂದಕ್ಕೆ ಎಳೆಯುತ್ತಿತ್ತು. ಶಟರನ್ನು ಎರಡಡಿ ಮೇಲೆತ್ತಿದ ತಕ್ಷಣ ಓರೆ ಪೈಪಿನ ನೀಲಿ ನೀರು ಹಲಗೆಯ ಮೇಲೆ ಸರ್ರನೆ ಒಂದು ಇಂಚು ಕೆಳಗಿಳಿಯಿತು. ಮಾಲೀಕರು ಎದುರಿಗೇ ನಿಂತಿದ್ದರು. ನೂರು ಮಾತು ಹೇಳಿದ್ದರೂ ಅಷ್ಟು ನಂಬಿಕೆ ಬರುತ್ತಿರಲಿಲ್ಲ.

ಬಳ್ಳಾರಿ ಬಿಸಿಲಿಗೂ ಇದರಲ್ಲಿ ಪಾಲಿದೆ, ಆದರೆ ಸಣ್ಣದು. 20 ಡಿಗ್ರಿಯ ಬೆಳಗಿಗಿಂತ 40 ಡಿಗ್ರಿಯ ಮಧ್ಯಾಹ್ನ ಅಷ್ಟೇ ಜಾಗದ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 6–7ರಷ್ಟು ಕಡಿಮೆ ಇರುತ್ತದೆ. ಚಿಮಣಿಯ ಸ್ವಂತ ಎಳೆತವೂ ಇಳಿಯುತ್ತದೆ. 15 ಮೀಟರ್ ಚಿಮಣಿಯಲ್ಲಿ 200 ಡಿಗ್ರಿ ಹೊಗೆ ಇದ್ದರೆ ತಂಪು ಹೊತ್ತಿನಲ್ಲಿ 7 ಮಿಮೀಗೆ ಹತ್ತಿರ, ಸುಡುಬಿಸಿಲಲ್ಲಿ 6ಕ್ಕಿಂತ ಕೆಳಗೆ. ಪ್ರೆಶರ್ 7ರಿಂದ 4ಕ್ಕೆ ಬೀಳುವುದಕ್ಕೆ ಇಷ್ಟೇ ಕಾರಣ ಅಂದರೆ ನಾನಂತೂ ಒಪ್ಪುವುದಿಲ್ಲ.

ಯಾವುದು ಮೊದಲು

ಮೊದಲ ಕೆಲಸ ಮನುಷ್ಯನ ಉಸಿರಿನದು. ಬಾಯ್ಲರ್ ಕಡೆಯ ಹೊರಗೋಡೆಯಲ್ಲಿ ಮೂರಡಿಗೆ ಎರಡಡಿ ತೂತು ಕೊರೆದು ಓರೆ ಪಟ್ಟಿಗಳ ಜಾಲರಿ ಕೂರಿಸಿದರು. ಎದೆಮಟ್ಟದ ಗೋಡೆಯನ್ನು ತಗಡಿನಿಂದ ಮಾಡಿನ ತನಕ ಏರಿಸಿ ಬಾಯ್ಲರ್ ಕೋಣೆಯನ್ನು ಡ್ರೈಯರ್ ಹಾಲಿನಿಂದ ಬೇರೆ ಮಾಡಿದರು. ಡ್ರೈಯರ್ ಕಡೆ ಒಂದು ಕಿಟಕಿಯ ತಗಡು ಬಿಚ್ಚಿ ಬಲೆ ಹಾಕಿದರು. ಇಷ್ಟರಲ್ಲೇ ಫೈರ್‌ಮನ್ ಜಾಗದ ಮೀಟರ್ 20ರ ಕೆಳಗೆ ಬಂತು.

ಎರಡನೆಯದು ಸೋರಿಕೆ. ಸೈಕ್ಲೋನಿಗೆ ತೂಕದ ಮುಚ್ಚಳ, ಹೊಗೆಪೆಟ್ಟಿಗೆ ಬಾಗಿಲಿಗೆ ಹೊಸ ಗ್ಲಾಸ್ ಫೈಬರ್ ಹಗ್ಗ. ಐಡಿ ಫ್ಯಾನಿನ ಡ್ಯಾಂಪರ್, ಅಂದರೆ ಎಳೆತ ಹೆಚ್ಚುಕಡಿಮೆ ಮಾಡುವ ತಗಡು, ತುಕ್ಕು ಹಿಡಿದು ಅರ್ಧದಲ್ಲೇ ಗಟ್ಟಿಯಾಗಿತ್ತು. ಅದನ್ನು ಬಿಡಿಸಿ ಆಡುವಂತೆ ಮಾಡಿದೆವು. ಆಮೇಲೆ ಬ್ಲೋವರ್ ಆಫ್ ಮಾಡಿ ಬರಿ ಬೂದಿಗುಂಡಿ ಬಾಗಿಲಿನ ಗಾಳಿಯಲ್ಲಿ ಓಡಿಸಿ ನೋಡಿದೆವು. ಪ್ರೆಶರ್ ಬೀಳಲಿಲ್ಲ. ಬ್ಲೋವರ್ ಇಲ್ಲದೆ ಈ ಬಾಯ್ಲರ್ ಓಡುವುದೇ ಇಲ್ಲ ಅಂತ ಎಲ್ಲರೂ ನಂಬಿದ್ದರು.

ಮೂರನೆಯದು ಗೂಡು. ಜೋತ ಕಂಬಿ ಬದಲಾಯಿಸಿ, ಕಿಟ್ಟ ಒಡೆದು, ಮುಚ್ಚಿದ ಹನ್ನೆರಡು ತೂತುಗಳನ್ನು ಉಳಿ ಹಿಡಿದು ಬಿಡಿಸಿದರು. ಬ್ಲೋವರನ್ನು ಎಸೆಯಲಿಲ್ಲ, ಅದರ ಬಾಯಿ ತಿರುಗಿಸಿದೆವು. ಗ್ರೇಟಿನ ಕೆಳಗಿನ ಪೈಪು ಮುಚ್ಚಿ, ಆರಿಂಚಿನ ಪೈಪಿನಲ್ಲಿ ಮೇಲಿನ ತೂತುಗಳಿಗೆ ಕೊಟ್ಟೆವು, ನಡುವೆ ಒಂದು ಜಾರು ತಗಡು. ಕೆಳಗಿನ ಗಾಳಿಯನ್ನು ಐಡಿ ಫ್ಯಾನ್ ತಾನೇ ಎಳೆದುಕೊಳ್ಳುತ್ತದೆ. ಮೇಲಿನದಕ್ಕೆ ಮಾತ್ರ ದೂಡುವ ಬಲ ಬೇಕು, ಯಾಕಂದರೆ ಅದು ಅನಿಲದ ನಡುವಿನ ತನಕ ಚಿಮ್ಮಬೇಕು. ಒಟ್ಟು ಗಾಳಿಯ ಅರ್ಧದಷ್ಟು ಈಗ ಮೇಲಿನಿಂದ ಹೋಗುತ್ತದೆ.

ಒಂದು ಎಚ್ಚರಿಕೆ. ಇಲ್ಲಿ ಮುಟ್ಟಿದ್ದು ಇಟ್ಟಿಗೆ ಗೂಡು, ಡಕ್ಟು, ಡ್ಯಾಂಪರ್ ಮಾತ್ರ. ಸ್ಟೀಮ್ ಒತ್ತಡ ತಡೆಯುವ ಭಾಗ, ಸೇಫ್ಟಿ ವಾಲ್ವು ಇವುಗಳಿಗೆ ಕೈ ಹಾಕಿಲ್ಲ, ಹಾಕಲೂಬಾರದು. 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ. ಹಳೆಯದಿರಲಿ ಹೊಸದಿರಲಿ, ಪ್ರಮಾಣಪತ್ರ ಇಲ್ಲದೆ ಓಡಿಸುವಂತಿಲ್ಲ. ಆ ಭಾಗಗಳ ರಿಪೇರಿಗೆ ಇಲಾಖೆಯ ಅನುಮತಿ ಬೇಕು.

ಟ್ಯೂಬು ಉಜ್ಜಿದ್ದು ಸಣ್ಣ ಕೆಲಸ, ಲಾಭ ದೊಡ್ಡದು. ಬ್ರಷ್ ಹಾಕಿದರೆ ಕಪ್ಪು ಮಸಿ ಚಕ್ಕೆ ಚಕ್ಕೆಯಾಗಿ ಬಂತು. ಹೊರಹೋಗುವ ಹೊಗೆ ಸುಮಾರು 22 ಡಿಗ್ರಿ ಇಳಿದರೆ ಬಾಯ್ಲರಿನ ದಕ್ಷತೆ ಒಂದು ಅಂಶ ಏರುತ್ತದೆ ಅನ್ನುವುದು ನಮ್ಮ ಕೆಲಸದಲ್ಲಿ ಎಲ್ಲರೂ ಬಳಸುವ ಲೆಕ್ಕ.

ಕೈಯ ಕೆಲಸ

ಇದೆಲ್ಲ ಆದ ಮೇಲೂ ಅರ್ಧ ಗಂಟೆಗೊಮ್ಮೆ ರಾಶಿ ತುರುಕಿದರೆ ಹೊಗೆ ಬರುತ್ತಿತ್ತು. ಕಟ್ಟಿಗೆಯನ್ನು ಒಂದೂವರೆ ಅಡಿಗೆ ಕತ್ತರಿಸಿ, ದಪ್ಪನೆಯದನ್ನು ಸೀಳಿ, ಹತ್ತು ನಿಮಿಷಕ್ಕೊಮ್ಮೆ 20–25 ಕೆಜಿ ಹಾಕುವ ಪದ್ಧತಿ ತಂದೆವು. ಗ್ರೇಟಿನ ತುಂಬ ಸಮನಾಗಿ ಹರಡಬೇಕು, ಹಿಂದಿನ ಮೂಲೆ ಖಾಲಿ ಬಿಡಬಾರದು. ಬಾಗಿಲು ಅರ್ಧ ನಿಮಿಷಕ್ಕಿಂತ ಜಾಸ್ತಿ ತೆರೆದಿರಬಾರದು.

ಕಟ್ಟಿಗೆ ಹಾಕಿದ ಕೂಡಲೇ ಮೇಲಿನ ಗಾಳಿಯ ಜಾರು ತಗಡನ್ನು, ಗಾಳಿ ಜಾಸ್ತಿ ಬಿಡುವ ಕೆಂಪು ಗುರುತಿನ ತನಕ ಎಳೆಯುವುದು. ಎರಡು–ಮೂರು ನಿಮಿಷದಲ್ಲಿ ಜ್ವಾಲೆಯ ತುದಿ ತಿಳಿಯಾಗುತ್ತದೆ, ಆಗ ಗಾಳಿ ಕಡಿಮೆಯ ಬಿಳಿ ಗುರುತಿಗೆ ಇಳಿಸುವುದು. ಮೀಟರ್ ಯಾವಾಗಲೂ ಇರುವುದಿಲ್ಲ, ಕಣ್ಣೇ ಮೀಟರ್. ಜ್ವಾಲೆ ಮಬ್ಬು ಕೆಂಪಾಗಿ, ತುದಿಯಲ್ಲಿ ಕಪ್ಪು ಎಳೆ ಬಿಡುತ್ತಿದ್ದರೆ ಮೇಲೆ ಗಾಳಿ ಸಾಲದು. ಬಿಳಿಚಿಕೊಂಡು ಗಿಡ್ಡಗಾಗಿ, ಕಿಡಿ ಹಾರಿಸುತ್ತ ಭೋರಿಟ್ಟರೆ ಗಾಳಿ ವಿಪರೀತ. ಹಳದಿ ಬಣ್ಣದಲ್ಲಿ, ಗೂಡು ತುಂಬಿ, ಅವಸರವಿಲ್ಲದೆ ಹೊರಳುತ್ತಿದ್ದರೆ ಸರಿ. ಚಿಮಣಿಯಲ್ಲಿ ತೆಳು ಬೂದುಬಣ್ಣದ ಹೊಗೆ ಇದ್ದರೆ ಗಾಬರಿ ಬೇಡ.

ಗಾಳಿ ಪೂರ್ತಿ ಮುಚ್ಚಿ ಬೆಂಕಿ ಮಲಗಿಸಿದ ಮೇಲೆ ಬಾಗಿಲನ್ನು ಧಡಕ್ಕನೆ ತೆಗೆಯುವುದು ಅಪಾಯ. ಒಳಗೆ ತುಂಬಿಕೊಂಡ ಅನಿಲಕ್ಕೆ ಒಮ್ಮೆಲೆ ಗಾಳಿ ಸಿಕ್ಕಿ ಭಗ್ಗನೆ ಹೊರಕ್ಕೆ ಹೊಡೆಯುತ್ತದೆ. ಫೈರ್‌ಮನ್‌ಗಳ ಹುಬ್ಬು, ಮುಂಗೈ ಕೂದಲು ನೋಡಿದರೆ ಗೊತ್ತಾಗುತ್ತದೆ. ಮೊದಲು ಐಡಿ ಡ್ಯಾಂಪರ್ ತೆಗೆದು, ಒಂದು ನಿಮಿಷ ಎಳೆಯಲು ಬಿಟ್ಟು, ಪಕ್ಕಕ್ಕೆ ನಿಂತು, ಬಾಗಿಲನ್ನು ಒಂದಿಂಚು ಸರಿಸಿ, ಆಮೇಲೆ ಪೂರ್ತಿ ತೆಗೆಯಬೇಕು.

ಫೈರ್‌ಮನ್‌ಗೆ ಇದು ಹಿಡಿಸಲಿಲ್ಲ. ಗಂಟೆಗೆ ಎರಡು ಸಲ ಏಳುತ್ತಿದ್ದವರು ಈಗ ಆರು ಸಲ ಏಳಬೇಕು. ಅವರ ತಕರಾರು ನ್ಯಾಯವಾದದ್ದೇ. ಮಾಲೀಕರು ಕಟ್ಟಿಗೆ ಕಡಿದು ಒಟ್ಟಿಕೊಡಲು ಒಬ್ಬ ಹುಡುಗನನ್ನು ಇಟ್ಟರು, ಫೈರ್‌ಮನ್‌ಗೂ ಕೂಲಿ ಏರಿಸಿದರು. ಆ ದುಡ್ಡನ್ನು ಲೆಕ್ಕಕ್ಕೆ ಹಿಡಿಯದೆ "ಇಷ್ಟು ಉಳಿಯಿತು" ಅನ್ನುವವರ ಮಾತನ್ನು ನಾನು ಅರ್ಧಕ್ಕರ್ಧ ಕಡಿತ ಮಾಡಿಯೇ ಕೇಳುತ್ತೇನೆ.

ಕಟ್ಟಿಗೆಯೊಳಗಿನ ನೀರು

ಲಾರಿಯ ಬೇರೆ ಬೇರೆ ಕಡೆಯಿಂದ ಕೊಂಬೆ ಆರಿಸಿ, ಗರಗಸದಲ್ಲಿ ಬಿಲ್ಲೆ ಕೊಯ್ದು, ತಕ್ಕಡಿಯಲ್ಲಿ ತೂಗಿ, ಬಾಯ್ಲರಿನ ತಲೆ ಮೇಲೆ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿದೆವು. ನೂರಕ್ಕೆ 30ರಷ್ಟು ನೀರು. ಕಡಿದು ಹೆಚ್ಚು ದಿನ ಆಗಿಲ್ಲದ ಲೋಡಿನಲ್ಲಿ 40. ಅಂದರೆ 1 ಟನ್ ಕಟ್ಟಿಗೆಗೆ ಕೊಟ್ಟ ದುಡ್ಡಿನಲ್ಲಿ 400 ಕೆಜಿ ನೀರಿನದು. ಸಾಲದ್ದಕ್ಕೆ ಆ ನೀರನ್ನು ಆವಿ ಮಾಡಲು ಅದೇ ಕಟ್ಟಿಗೆ ಉರಿಯಬೇಕು. 40 ಅಂಶ ನೀರಿರುವ ಕಟ್ಟಿಗೆ ಕೆಜಿಗೆ 2,300 ಕಿಲೋ ಕ್ಯಾಲರಿ ಸುಮಾರಿಗೆ ಕೊಟ್ಟರೆ, 20 ಅಂಶದ್ದು 3,300 ಕೊಡುತ್ತದೆ. ಗೂಡಿನ ಶಾಖವೂ ಇಳಿಯುವುದರಿಂದ ಅನಿಲ ಪೂರ್ತಿ ಉರಿಯದೆ ಹೊಗೆಯಾಗುತ್ತದೆ. ಡ್ಯಾಂಪರ್ ಎಷ್ಟು ಆಡಿಸಿದರೂ ಹಸಿ ಕಟ್ಟಿಗೆಯ ಹೊಗೆ ಪೂರ್ತಿ ಹೋಗುವುದಿಲ್ಲ. ತೂಕಕ್ಕೆ ಮಾರುವವನಿಗೆ ಒಣಗಿಸುವ ಆಸೆ ಯಾಕಿರುತ್ತದೆ? ನಾವೇ ಒಣಗಿಸಿಕೊಳ್ಳಬೇಕು. ಬಳ್ಳಾರಿಯಲ್ಲಿ ಬಿಸಿಲಿಗೆ ಬಾಡಿಗೆ ಇಲ್ಲ. ಸೀಳಿ, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ, ಗಾಳಿ ಆಡುವಂತೆ ಒಟ್ಟಿದರೆ ಸಾಕು.

ಆದದ್ದು, ಆಗದ್ದು

ಬಾಯ್ಲರ್ ಬಾಯಲ್ಲಿ ಈಗ ಆಮ್ಲಜನಕ 8ರ ಆಸುಪಾಸು, ಹೊಗೆ 250 ಡಿಗ್ರಿ. ಕಾರ್ಬನ್ ಮೊನಾಕ್ಸೈಡ್ ಕಟ್ಟಿಗೆ ಹಾಕಿದ ಗಳಿಗೆ ಬಿಟ್ಟರೆ ಸಾವಿರದ ಕೆಳಗೆ. ಬಿಸಿಯಾಗಿ ಚಿಮಣಿಗೆ ಹೋಗುತ್ತಿದ್ದ ಶಾಖ ಕಟ್ಟಿಗೆಯ ಒಟ್ಟು ಶಾಖದ ಕಾಲು ಭಾಗದಷ್ಟಿತ್ತು, ಈಗ ನೂರಕ್ಕೆ 11ರಷ್ಟು. ನೀರಿನ ಮೀಟರ್ ಮತ್ತು ತೂಗಿದ ಕಟ್ಟಿಗೆ ಲೆಕ್ಕದಲ್ಲಿ, ಮೊದಲು 1 ಕೆಜಿ ಕಟ್ಟಿಗೆಗೆ 2.5 ಕೆಜಿ ಸ್ಟೀಮ್ ಬರುತ್ತಿತ್ತು, ಈಗ 3.2. ಹತ್ತು ಗಂಟೆಯ ಪಾಳಿಗೆ 1.8 ಟನ್ ಬೇಕಿದ್ದದ್ದು 1.4 ಟನ್ನಿಗೆ ಇಳಿದಿದೆ. ಮಧ್ಯಾಹ್ನ ಎಲ್ಲ ಡ್ರೈಯರ್ ಹಾಕಿದರೂ ಪ್ರೆಶರ್ 6ರ ಕೆಳಗೆ ಬರುತ್ತಿಲ್ಲ. 1 ಟನ್ನಿನ ಬಾಯ್ಲರ್ ಕೊಟೇಶನ್ ಡ್ರಾಯರ್ ಸೇರಿತು.

ಬೆಳಿಗ್ಗೆ ಬೆಂಕಿ ಹೊತ್ತಿಸುವಾಗಿನ ಹೊಗೆ ಹೋಗಿಲ್ಲ. ಗೂಡು ತಣ್ಣಗಿರುವ ಮೊದಲ ಇಪ್ಪತ್ತು–ಮೂವತ್ತು ನಿಮಿಷ ಯಾವ ಗಾಳಿ ಕೊಟ್ಟರೂ ಅನಿಲ ಪೂರ್ತಿ ಉರಿಯುವುದಿಲ್ಲ. ಸಣ್ಣ ಒಣ ಚಕ್ಕೆಯಲ್ಲಿ ಹೊತ್ತಿಸಿ, ಗೂಡು ಕಾದ ಮೇಲೆ ದಪ್ಪ ಕಟ್ಟಿಗೆ ಹಾಕಿ ಅಂದಿದ್ದೇನೆ. ಕೆಲವು ದಿನ ಹಾಗೆ ಮಾಡುತ್ತಾರೆ, ಅವಸರದ ದಿನ ಮಾಡುವುದಿಲ್ಲ.

ಮಾಲೀಕರಿಗೆ ಈಗ ಹುರುಪು ಬಂದಿದೆ. ಆಮ್ಲಜನಕ ನೋಡಿ ತಾನೇ ಫ್ಯಾನ್ ವೇಗ ಬದಲಿಸುವ ಸೆನ್ಸರ್ ಹಾಕಿಸಲೇ ಅಂತ ಕೇಳಿದರು. ಕೈಯಲ್ಲಿ ಕಟ್ಟಿಗೆ ಹಾಕುವ ಇಷ್ಟು ಸಣ್ಣ ಬಾಯ್ಲರಿಗೆ, ಒಂದು ಲೋಡು ಒಣ, ಒಂದು ಲೋಡು ಹಸಿ ಬರುವಾಗ, ಅದು ಆಮೇಲಿನ ಮಾತು ಅಂದೆ. ಪಕ್ಕದ ಘಟಕದವರು ಬಂದು ಜಾರು ತಗಡಿನ ಕೆಂಪು–ಬಿಳಿ ಗುರುತನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದರು. ಆ ಗುರುತು ಈ ಗೂಡಿನದು, ಈ ಫ್ಯಾನಿನದು. ಅವರಿಗೂ ಮೊದಲು ಸೈಕ್ಲೋನಿನ ಕೆಳಗೆ ಮುಚ್ಚಳ ಇದೆಯೋ ಇಲ್ಲವೋ ನೋಡಿ ಅಂತ ಹೇಳಿ ಕಳಿಸಿದೆ. ಮಳೆ ಹಿಡಿಯುವುದರೊಳಗೆ ಕಟ್ಟಿಗೆ ಒಟ್ಟಿಲಿಗೆ ತಗಡಿನ ಸೂರು ಆಗಬೇಕು, ಅದರ ಕೆಲಸ ಇನ್ನೂ ಶುರುವಾಗಿಲ್ಲ.